ಚೂರೂ ಕೆರೆಯದೆ ಹಳೆಯ ಬಣ್ಣ ಗುರುತಿಸುವುದು ಹೇಗೆ?

ಪ್ರಶ್ನೆ: ಮೆಕ್ಸಿಕೋದ ಅಜ್ಟೆಕ್ ಚಿತ್ರಕಾರರ ಹಳೆಯ ಪುಸ್ತಕಗಳಲ್ಲಿ ಹುಳದಿಂದ ತೆಗೆದ ಕೆಂಪು ಇದೆ ಅಂತಾರೆ. ಪುಟದಿಂದ ಬಣ್ಣ ಕೆರೆಯದೆ ಅದು ಹೇಗೆ ಗೊತ್ತಾಗುತ್ತದೆ?

ಪುಟದ ಮೇಲೆ ಬೆಳಕು ಬೀಳಿಸಿ ನೋಡಿ ಗುರುತಿಸುತ್ತಾರೆ. ಪುಟಕ್ಕೆ ಏನೂ ಆಗುವುದಿಲ್ಲ.

ಮೊದಲು ಎಕ್ಸ್-ರೇ. ಅದು ಬಿದ್ದಾಗ ಬಣ್ಣದೊಳಗಿನ ಒಂದೊಂದು ಲೋಹವೂ ತನ್ನದೇ ಗುರುತಿನ ಕಿರಣ ಹೊಮ್ಮಿಸುತ್ತದೆ. ಕೆಂಪಿನಲ್ಲಿ ಪಾದರಸ ಕಂಡರೆ ಇಂಗಲೀಕ, ಸೀಸ ಕಂಡರೆ ಸಿಂಧೂರ, ಕಬ್ಬಿಣ ಜಾಸ್ತಿ ಇದ್ದರೆ ಕೆಮ್ಮಣ್ಣು. ಯಾವುದೂ ಇಲ್ಲದೆಯೂ ಕೆಂಪು ಗಾಢವಾಗಿದ್ದರೆ ಗಿಡದ್ದೋ ಹುಳದ್ದೋ ಇರಬೇಕು.

ಆಮೇಲೆ ಮಾಮೂಲಿ ಬೆಳಕು. ಪುಟದಿಂದ ಯಾವ ಬಣ್ಣದ ಬೆಳಕು ಎಷ್ಟು ವಾಪಸ್ ಬಂತು ಅಂತ ಗ್ರಾಫಿನ ಗೆರೆ ಎಳೆದರೆ, ಹುಳದ ಕೆಂಪಿಗೆ ಹಸಿರಿನ ಜಾಗದಲ್ಲಿ ಅಕ್ಕಪಕ್ಕ ಎರಡು ತಗ್ಗು ಕಾಣುತ್ತವೆ. ಮಂಜಿಷ್ಠದಂಥ ಬೇರಿನ ಕೆಂಪಿಗೂ ಎರಡು ತಗ್ಗು ಬರುತ್ತವೆ, ಆದರೆ ತುಸು ನೀಲಿಯ ಕಡೆ ಸರಿದಿರುತ್ತವೆ. ಆ ಸಣ್ಣ ಸರಿತವೇ ಸಾಕ್ಷಿ!

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಸಾಕ್ಷಿ. ಬೆರ್ನಾರ್ದಿನೊ ದೆ ಸಾಹಗುನ್ ಎಂಬ ಸ್ಪೇನಿನ ಪಾದ್ರಿ ನಹುವಾ (ಅಜ್ಟೆಕರು ಸೇರಿದ ಜನಾಂಗ) ಪಂಡಿತರು, ಚಿತ್ರಕಾರರ ಜೊತೆ ಸೇರಿ 12 ಭಾಗಗಳ ಫ್ಲಾರೆಂಟೈನ್ ಕೋಡೆಕ್ಸ್ ಎಂಬ ಕೈಬರಹದ ಪುಸ್ತಕ ಮಾಡಿಸಿದರು. ಅದರ 11ನೇ ಭಾಗದಲ್ಲಿ ಬಣ್ಣಗಳ ಹೆಸರು, ಅವು ಬರುವ ಬಗೆ ಎರಡೂ ಇವೆ. ಹುಳದ ಕೆಂಪಿನ ಹೆಸರು ನೊಚೆಸ್ಟ್ಲಿ, ಅಂದರೆ ಕಳ್ಳಿಹಣ್ಣಿನ ರಕ್ತ. ಪಾಪಸುಕಳ್ಳಿಗೆ ಬಿಳಿ ಹತ್ತಿಯಂತೆ ಅಂಟಿಕೊಂಡ ಸಣ್ಣ ಹುಳವನ್ನು ಬೆರಳಲ್ಲಿ ಹಿಸುಕಿದರೆ ನಿಜಕ್ಕೂ ರಕ್ತದಂಥ ಕೆಂಪು ಬರುತ್ತದೆ. ಉಪಕರಣ ಹೇಳಿದ್ದನ್ನು ಬಣ್ಣ ಹಚ್ಚಿದವರ ಮಾತಿನ ಜೊತೆಗೇ ಇಟ್ಟು ನೋಡಬಹುದು, ಎಂಥ ಅದೃಷ್ಟ ಅಲ್ವಾ?

ನೀಲಿ ಇನ್ನೂ ಸೋಜಿಗ. ನೀಲಿಗಿಡದ ಬಣ್ಣವನ್ನು ಪಾಲಿಗೋರ್ಸ್ಕೈಟ್ ಎಂಬ ಜೇಡಿಯ ಜೊತೆ ಬಿಸಿ ಮಾಡಿದರೆ ಬಣ್ಣ ಜೇಡಿಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಆಸಿಡ್‌ಗೂ ಸುಲಭಕ್ಕೆ ಜಗ್ಗಲ್ಲ. ಇದೇ ಮಾಯಾ ನೀಲಿ. ಬರೀ ನೀಲಿಯೋ ಜೇಡಿ ಬೆರೆತದ್ದೋ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಇನ್‌ಫ್ರಾರೆಡ್ ಬೆಳಕಿನಲ್ಲಿ ಜೇಡಿ ಕಾಣಿಸಿಕೊಳ್ಳುತ್ತದೆ.

ಫ್ಲಾರೆಂಟೈನ್ ಕೋಡೆಕ್ಸ್‌ನ ಕೆಲಸ ನಡೆಯುತ್ತಿದ್ದಾಗಲೇ, 1576ರಲ್ಲಿ, ಭೀಕರ ಪಿಡುಗು ಬಂತು. ನಹುವಾ ಜನ ಅಸಂಖ್ಯ ಸಂಖ್ಯೆಯಲ್ಲಿ ಸತ್ತರು. ಕೊನೆಯ ಭಾಗದ ಬಹಳಷ್ಟು ಚಿತ್ರಗಳಿಗೆ ಬಣ್ಣವೇ ಇಲ್ಲ, ಬರೀ ಶಾಯಿಯ ಗೆರೆ. ಸಂಶೋಧಕರು ಇದನ್ನು ಆ ಪಿಡುಗಿಗೇ ಜೋಡಿಸುತ್ತಾರೆ.