ಟೆನ್ಷನ್ ಮಾತ್ರೆ, ಶುಗರ್ ಮಾತ್ರೆ: ಎರಡೂ ಚೀಟಿ ಒಬ್ಬರ ಕಣ್ಣಿಗೆ ಬೀಳಲಿ

ಶುಗರ್‌ಗೆ ಒಬ್ಬ ಡಾಕ್ಟರನ್ನು ತೋರಿಸುತ್ತಾರೆ, ಗಾಬರಿಗೆ ಇನ್ನೊಬ್ಬರನ್ನು. ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮನೋವೈದ್ಯರ ಹತ್ತಿರ ಹೋಗಿದ್ದೆ ಅಂತ ಹೇಳಿಕೊಳ್ಳಲು ನಮ್ಮಲ್ಲಿ ಇನ್ನೂ ಸಂಕೋಚ ಇದೆಯಲ್ಲ, ಹಾಗಾಗಿ ಆ ಸ್ಟ್ರಿಪ್ ಬ್ಯಾಗಿನಿಂದ ಆಚೆ ಬರುವುದೇ ಇಲ್ಲ. "ಬೇರೆ ಏನಾದರೂ ಮಾತ್ರೆ ತಗೋತಿದ್ದೀರಾ ಅಮ್ಮಾ?" ಅಂತ ಕೇಳಿದರೆ "ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಆಮೇಲೆ ಜೊತೆಗೆ ಬಂದ ಮಗಳು ಮೆಲ್ಲಗೆ, "ಅಮ್ಮಾ, ಆ ನಿದ್ದೆ ಮಾತ್ರೆ ಹೇಳು" ಅನ್ನುತ್ತಾಳೆ.

ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡಿ. ಇವೆರಡನ್ನೂ ಒಟ್ಟಿಗೆ ತಗೊಳ್ಳಲೇಬಾರದು ಅಂತೇನಿಲ್ಲ. ಶುಗರ್‌ಗೆ ಎಲ್ಲರೂ ಮೊದಲು ಬರೆಯುವ ಮೆಟ್‌ಫಾರ್ಮಿನ್ ಲಿವರ್‌ನಲ್ಲಿ ಒಡೆಯುವುದಿಲ್ಲ, ಕಿಡ್ನಿಯ ಮೂಲಕ ಹಾಗೇ ಹೊರಗೆ ಹೋಗುತ್ತದೆ. ಗಾಬರಿಯ ಹೆಚ್ಚಿನ ಮಾತ್ರೆಗಳ ಜೊತೆ ಅದಕ್ಕೆ ಜಗಳವಿಲ್ಲ. ಒಂದು ತೊಂದರೆ ಮಾತ್ರ ಇದೆ. ಮೆಟ್‌ಫಾರ್ಮಿನ್ ಶುರು ಮಾಡಿದಾಗ ಹೊಟ್ಟೆ ಕೆಡುತ್ತದೆ, ಗಾಬರಿಗೆ ಬರೆಯುವ ಎಸ್ಸಿಟಾಲೋಪ್ರಾಮ್ ಅಥವಾ ಸರ್ಟ್ರಾಲಿನ್ ಶುರು ಮಾಡಿದಾಗಲೂ ಕೆಡುತ್ತದೆ. ಒಂದೇ ವಾರ ಎರಡನ್ನೂ ಶುರು ಮಾಡಿದರೆ ವಾಕರಿಕೆ, ಲೂಸ್ ಮೋಷನ್ ಜಾಸ್ತಿಯಾಗಿ ಜನ ಎರಡನ್ನೂ ಬಿಟ್ಟುಬಿಡುತ್ತಾರೆ. ತುರ್ತು ಇಲ್ಲದಿದ್ದರೆ ನಾನು ನಡುವೆ ಸ್ವಲ್ಪ ದಿನ ಬಿಡುತ್ತೇನೆ.

ಹುಷಾರಾಗಿರಬೇಕಾದ್ದು ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು. ಈ ಮಾತ್ರೆಗಳು ನೀವು ಊಟ ಮಾಡಿದರೂ ಮಾಡದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಲೋ ಶುಗರ್ ಆಗುವುದು ಹೆಚ್ಚಾಗಿ ಇವರಲ್ಲೇ. ಈಗ ಇದಕ್ಕೆ ಗಾಬರಿಯ ಇನ್ನೊಂದು ಮಾತ್ರೆ ಫ್ಲುಆಕ್ಸೆಟಿನ್ ಸೇರಿತು ಅಂದುಕೊಳ್ಳಿ. ಗ್ಲಿಮಿಪಿರೈಡ್ ಅನ್ನು ಒಡೆಯಲು ಲಿವರ್‌ನಲ್ಲಿ ಒಂದು ಕಿಣ್ವ ಇದೆ, ಸಿವೈಪಿ2ಸಿ9 ಅಂತ. ಫ್ಲುಆಕ್ಸೆಟಿನ್ ಆ ಕಿಣ್ವದ ಕೆಲಸವನ್ನು ನಿಧಾನ ಮಾಡುತ್ತದೆ. ಫ್ಲುವಾಕ್ಸಮಿನ್ ಕೂಡ ಹಾಗೇ. ಆಗ ಅದೇ 2 ಮಿ.ಗ್ರಾಂ ಗ್ಲಿಮಿಪಿರೈಡ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು, ಹೆಚ್ಚು ಡೋಸ್ ತಗೊಂಡಂತೆ ವರ್ತಿಸಬಹುದು. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ಗಳಿಗೆ ಈ ಗುಣ ಕಡಿಮೆ. ಆದರೂ ಅವುಗಳಲ್ಲೂ ಶುಗರ್ ಸ್ವಲ್ಪ ಇಳಿಯಬಹುದು. ಮನಸ್ಸು ತಣ್ಣಗಾದರೆ ಶುಗರ್ ಏರಿಸುವ ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನ್‌ಗಳು ಕೂಡ ಇಳಿಯುತ್ತವೆ ಅಲ್ವಾ? ಅದು ಒಳ್ಳೆಯದೇ. ಆದರೆ ಶುಗರ್ ಮಾತ್ರೆಯ ಡೋಸ್ ಹಳೆಯದೇ ಇರುತ್ತದೆ, ಅದನ್ನು ಮರೆಯಬಾರದು. ಫ್ಲುಆಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಇರುತ್ತದೆ, ಹಾಗಾಗಿ ಬಿಟ್ಟ ಮೇಲೂ ಕೆಲವು ವಾರ ಶುಗರ್ ಮೇಲೆ ಕಣ್ಣಿಡಬೇಕು.

ಇದಕ್ಕಿಂತ ನನಗೆ ಹೆಚ್ಚು ಚಿಂತೆ ಪ್ರೊಪ್ರನಲಾಲ್‌ನದ್ದು. ಎದೆ ಡವಡವ, ಕೈ ನಡುಕ ಅಂದರೆ ಬರೆಯುವ ಮಾತ್ರೆ ಇದು. ಶುಗರ್ ಇಳಿದಾಗ ಮೈ ಅಡ್ರಿನಲಿನ್ ಬಿಟ್ಟು ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, "ಏನಾದ್ರೂ ತಿನ್ನು" ಅಂತ ಎಚ್ಚರಿಸುತ್ತದೆ. ಪ್ರೊಪ್ರನಲಾಲ್ ಆ ಗಂಟೆಯ ಸದ್ದು ಅಡಗಿಸುತ್ತದೆ. ಸಾಲದ್ದಕ್ಕೆ, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬರುವುದನ್ನೂ ನಿಧಾನ ಮಾಡುತ್ತದೆ. ಉಳಿಯುವ ಒಂದು ದೊಡ್ಡ ಗುರುತು ಬೆವರು. ಬೆವರಿನ ದಾರಿ ಬೇರೆ, ಅದನ್ನು ಈ ಮಾತ್ರೆ ತಡೆಯುವುದಿಲ್ಲ. ಕಾರಣವಿಲ್ಲದೆ ಹಣೆ, ಕುತ್ತಿಗೆ, ಬೆನ್ನು ಒದ್ದೆಯಾದರೆ, ಮಾತು ತಡವರಿಸಿದರೆ, ಶುಗರ್ ಇಳಿದಿದೆ ಅಂತಲೇ ತಿಳಿಯಿರಿ.

ಬಹಳ ಜನರಿಗೆ ತಾವು ಪ್ರೊಪ್ರನಲಾಲ್ ನುಂಗುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಗಾಬರಿ ಇಳಿಸಿ ಮಂಪರು ತರುವ ಅಲ್ಪ್ರಜೋಲಮ್ 0.25 ಮಿ.ಗ್ರಾಂ, ಪ್ರೊಪ್ರನಲಾಲ್ 20 ಮಿ.ಗ್ರಾಂ ಎರಡೂ ಸೇರಿದ ಒಂದೇ ಮಾತ್ರೆ ನಮ್ಮಲ್ಲಿ ಸಿಗುತ್ತದೆ. ಮನೆಯಲ್ಲಿ ಅದಕ್ಕೆ "ಟೆನ್ಷನ್ ಮಾತ್ರೆ" ಅಂತಲೇ ಹೆಸರು. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ, ಕಣ್ಣಿಗೆ ಕಾಣದಿದ್ದರೆ ಮೊಮ್ಮಕ್ಕಳಿಂದ ಓದಿಸಿ.

ನಿವೃತ್ತ ಶಿಕ್ಷಕಿಯೊಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬೆಳಿಗ್ಗೆ ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ಎರಡು ಇಡ್ಲಿ. ಊಟ ಎರಡು ಗಂಟೆಗೆ. ದಿನಾ ಹನ್ನೊಂದೂವರೆ ಸುಮಾರಿಗೆ ಗಾಬರಿ, ನಡುಕ. "ಮಗ ದೂರದಲ್ಲಿದ್ದಾನೆ, ಅದಕ್ಕೇ ಟೆನ್ಷನ್" ಅಂತ ಮನೆಯವರು ತೀರ್ಮಾನಿಸಿದರು. ಆ ಜೋಡಿ ಮಾತ್ರೆ ಶುರುವಾಯಿತು. ನಡುಕ ನಿಂತಿತು, ಎಲ್ಲರಿಗೂ ಸಮಾಧಾನ. ಆಮೇಲೆ ಬಂದ ಸಂಕಷ್ಟಿಯ ದಿನ ಮಾತ್ರೆ ನುಂಗಿ ಉಪವಾಸ ಮಾಡಿದರು. ಚಂದ್ರೋದಯಕ್ಕೆ ಕಾಯುತ್ತಾ ಕೂತಿದ್ದಾಗ ಸೀರೆಯೆಲ್ಲ ಬೆವರಲ್ಲಿ ಒದ್ದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ಗ್ಲುಕೋಮೀಟರ್ 48 ತೋರಿಸಿತು. ಎದೆ ಡವಗುಟ್ಟಿರಲಿಲ್ಲ, ಕೈ ನಡುಗಿರಲಿಲ್ಲ. ಆಮೇಲೆ ಹನ್ನೊಂದೂವರೆಗೆ ಬೆರಳು ಚುಚ್ಚಿ ನೋಡಿದರೆ ಆಗಲೂ ಶುಗರ್ ಕಡಿಮೆಯೇ ಇತ್ತು. ಅಂದರೆ ಇಷ್ಟು ದಿನದ ಗಾಬರಿ ಮಗನ ಚಿಂತೆಯದ್ದಲ್ಲ. ಗ್ಲಿಮಿಪಿರೈಡ್ ಇಳಿಸಿದೆವು. ಪ್ರೊಪ್ರನಲಾಲನ್ನೂ ಅಲ್ಪ್ರಜೋಲಮನ್ನೂ ಹಂತ ಹಂತವಾಗಿ ಬಿಡಿಸಿದೆವು.

ಹಾಗಾಗಿ ಶುಗರ್ ಇರುವವರಿಗೆ ಗಾಬರಿ ಅನ್ನಿಸಿದರೆ ಮೊದಲು ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲುಕೋಸ್ ಪುಡಿ, ಅಂದರೆ ಸುಮಾರು ಮೂರು ಟೀ ಚಮಚ, ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಏರಿದ ಮೇಲೆ ಏನಾದರೂ ತಿನ್ನಿ. ಮೀಟರ್ ಇಲ್ಲದಿದ್ದರೆ ಲೋ ಶುಗರ್ ಅಂತಲೇ ತಿಳಿದು ಕುಡಿಯುವುದು ವಾಸಿ. ಇನ್ನೊಂದು ಮುಖ್ಯ ವಿಷಯ: ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಇದ್ದರೆ (ಮೂರು ಔಷಧಿ ಸೇರಿದ ಮಾತ್ರೆಗಳಲ್ಲಿ ಇರುತ್ತದೆ) ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆ ಕರುಳಲ್ಲಿ ಒಡೆಯುವುದನ್ನೇ ಅದು ತಡೆಯುತ್ತದೆ. ಗ್ಲುಕೋಸ್ ಪುಡಿಯೇ ಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಮಂಪರು ತರುವ ಕ್ಲೋನಜೆಪಮ್, ಅಲ್ಪ್ರಜೋಲಮ್ ನೇರವಾಗಿ ಶುಗರ್ ಮುಟ್ಟುವುದಿಲ್ಲ. ಆದರೆ ರಾತ್ರಿ ಇನ್ಸುಲಿನ್ ತಗೊಂಡು, ಮಂಪರಲ್ಲಿ ಊಟ ಬಿಟ್ಟು ಮಲಗಿದರೆ ಲೋ ಶುಗರ್ ಆದರೂ ಎಚ್ಚರವಾಗದೇ ಇರಬಹುದು. ಉಲ್ಟಾ ಕೂಡ ಇದೆ. ಗಾಬರಿಗೆ, ನಿದ್ದೆಗೆ ಅಂತ ಕೊಡುವ ಓಲಾಂಜಪಿನ್, ಕ್ವೆಟಿಯಪಿನ್ ಹಸಿವು, ತೂಕ, ಶುಗರ್ ಮೂರನ್ನೂ ಏರಿಸಬಲ್ಲವು. ಮಿರ್ಟಜಪಿನ್ ಹಸಿವು, ತೂಕ ಹೆಚ್ಚಿಸುತ್ತದೆ. ನರದ ನೋವಿಗೆ, ಗಾಬರಿಗೆ ಕೊಡುವ ಪ್ರಿಗಾಬಲಿನ್ ಜೊತೆ ಪಿಯೋಗ್ಲಿಟಜೋನ್ ಅನ್ನೋ ಶುಗರ್ ಮಾತ್ರೆ ಇದ್ದರೆ ಕಾಲು ಊದುವುದು ಜಾಸ್ತಿ. ಅಶ್ವಗಂಧ ಸುಮ್ನೆ ಗಿಡಮೂಲಿಕೆ ಅಂತ ಲೆಕ್ಕಕ್ಕೆ ಬಿಡಬೇಡಿ, ಅದೂ ಶುಗರ್ ಇಳಿಸಬಹುದು, ಮಂಪರು ತರಬಹುದು.

ಇದನ್ನು ಓದಿ ಯಾವ ಮಾತ್ರೆಯನ್ನೂ ತಟ್ಟನೆ ನಿಲ್ಲಿಸಬೇಡಿ, ದಯವಿಟ್ಟು. ದಿನಾ ತಗೊಳ್ಳುತ್ತಿದ್ದ ಅಲ್ಪ್ರಜೋಲಮ್, ಕ್ಲೋನಜೆಪಮ್ ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು. ಪ್ರೊಪ್ರನಲಾಲ್ ಒಮ್ಮೆಗೇ ಬಿಟ್ಟರೆ ಹೃದಯಕ್ಕೆ ತೊಂದರೆ. ಹೊಸ ಮಾತ್ರೆ ಶುರುವಾದ ಅಥವಾ ಡೋಸ್ ಬದಲಾದ ಮೊದಲ ಕೆಲವು ವಾರ ಖಾಲಿ ಹೊಟ್ಟೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ, ಮಲಗುವ ಮುಂಚೆ ಶುಗರ್ ನೋಡಿ ಬರೆದಿಡಿ. ಪಕ್ಕದಲ್ಲೇ ಯಾವ ಮಾತ್ರೆ ಯಾವ ದಿನ ಶುರುವಾಯಿತು ಅಂತ ಬರೆಯಿರಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರಡಿ, ಹೆಸರು ಕಾಣುವಂತೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಇಬ್ಬರು ಡಾಕ್ಟರಿಗೂ ತೋರಿಸಿ.

ಮನಸ್ಸಿನ ಗಾಬರಿಗೆ ಯಾರನ್ನು ಕೇಳುವುದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತಾಡುವಾಗ ನಿಮ್ಮ ಶುಗರ್ ಮಾತ್ರೆಯ ಹೆಸರನ್ನೂ ಹೇಳಿ.