ಗೆರೆಯ ಹೊರಗೆ ನಿಂತವರು: ದ್ರಾವಿಡ್ ಕೋಚ್ ಆದ ಕಥೆ

2024ರ ಜೂನ್ 29ರ ರಾತ್ರಿ ಗೋಣಿಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ. ಜೂನ್ ಮಳೆಯಲ್ಲಿ ಕೊಡಗಿನಲ್ಲಿ ಕರೆಂಟ್ ಇದ್ದರೇ ವಿಶೇಷ. ಒಂದು ಮೊಬೈಲ್‌ಗೆ ಆರು ಜನ ಮುಗಿಬಿದ್ದಿದ್ದೆವು. ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತ್ತು. ಕೊಹ್ಲಿ ಟ್ರೋಫಿ ತಂದು ಕೋಚ್ ದ್ರಾವಿಡ್ ಕೈಗೆ ಕೊಟ್ಟರು. ಅವರು ಅದನ್ನು ಎತ್ತಿ ಹಿಡಿದು ಅರಚಿದರು. "ಇವರಿಗೆ ಕೂಗೋಕೂ ಬರುತ್ತಾ ಮಾರಾಯ?" ಅಂದರು ನಮ್ಮ ದೊಡ್ಡಪ್ಪ. ಅಲ್ಲಿಂದ ವಾದ ಶುರು. ಕಪ್ ಗೆದ್ದದ್ದು ಆಟಗಾರರು, ಕೋಚ್‌ಗೆ ಅದರಲ್ಲಿ ಏನು ಪಾಲು? ಹಾಗಾದರೆ ಏಳು ತಿಂಗಳ ಹಿಂದೆ ಅಹಮದಾಬಾದ್‌ನಲ್ಲಿ ಏಕದಿನ ವಿಶ್ವಕಪ್ ಫೈನಲ್ ಸೋತಾಗ ಇದೇ ದೊಡ್ಡಪ್ಪ ಕೋಚ್‌ನ ಬೈದದ್ದು ಯಾಕೆ?

ಕೊಡಗಿನಲ್ಲಿ ಈ ಜಗಳ ಹಳೆಯದು. ಇದು ಹಾಕಿ ನಾಡು. 1997ರಿಂದ ನಡೆದುಬಂದ ಕೊಡವ ಕುಟುಂಬಗಳ ಟೂರ್ನಿಯಲ್ಲಿ ಮುನ್ನೂರಕ್ಕೂ ಜಾಸ್ತಿ ಒಕ್ಕದ (ಮನೆತನದ) ತಂಡಗಳು ಆಡಿದ್ದುಂಟು. ಪ್ರತಿ ತಂಡಕ್ಕೂ ಗೆರೆಯ ಹೊರಗೆ ನಿಂತು ಗಂಟಲು ಹರಿದುಕೊಳ್ಳುವ ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಾರೆ. ಗೆದ್ದರೆ ಅವರ ನೆನಪು ಯಾರಿಗೂ ಬರಲ್ಲ. ಸೋತ ದಿನ ಮಾತ್ರ ರಾತ್ರಿ ಊಟಕ್ಕೆ ಕೂತವರ ಬಾಯಲ್ಲೆಲ್ಲ ಅವರದೇ ಹೆಸರು.

ಆಟಗಾರ ದ್ರಾವಿಡ್ ಬಗ್ಗೆ ಉದ್ದಕ್ಕೆ ಹೇಳಬೇಕಿಲ್ಲ. 1996ರಲ್ಲಿ ಲಾರ್ಡ್ಸ್‌ನಲ್ಲಿ 95, 2001ರಲ್ಲಿ ಕೋಲ್ಕತ್ತದಲ್ಲಿ 180, 2007ರ ವಿಶ್ವಕಪ್‌ನಲ್ಲಿ ನಾಯಕನಾಗಿ ಮೊದಲ ಸುತ್ತಿಗೇ ವಾಪಸ್, 2012ರಲ್ಲಿ ನಿವೃತ್ತಿ. 164 ಟೆಸ್ಟ್, 13,288 ರನ್. ನಮ್ಮೂರಿನವರು ಇದಕ್ಕೆ ಇನ್ನೊಂದು ಸೇರಿಸುತ್ತಾರೆ. 2006ರ ಏಪ್ರಿಲ್‌ನಲ್ಲಿ ಇಂದೋರ್‌ನಲ್ಲಿ ನಮ್ಮ ರಾಬಿನ್ ಉತ್ತಪ್ಪ ಮೊದಲ ಏಕದಿನ ಪಂದ್ಯ ಆಡಿದಾಗ ಜೊತೆಗೆ ಇನಿಂಗ್ಸ್ ಆರಂಭಿಸಿದ್ದು ದ್ರಾವಿಡ್. ಹುಡುಗ 86 ಹೊಡೆದ.

ಭಾರತ ತಂಡದ ಕೋಚ್ ಕುರ್ಚಿ ಯಾವಾಗಲೂ ಸ್ವಲ್ಪ ಅಲುಗಾಡುವಂಥದ್ದೇ. 2000ರಲ್ಲಿ ಜಾನ್ ರೈಟ್ ಬಂದರು, ಆಮೇಲೆ ಚಾಪೆಲ್, ಕರ್ಸ್ಟನ್, ಫ್ಲೆಚರ್. 2016ರಲ್ಲಿ ನಮ್ಮ ಕುಂಬ್ಳೆ. ಅವರ ಒಂದು ವರ್ಷದಲ್ಲಿ 17 ಟೆಸ್ಟ್, 12 ಗೆಲುವು, ಒಂದೇ ಸೋಲು. ಆದರೂ 2017ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ತಮ್ಮ ಕೆಲಸದ ರೀತಿ ಬಗ್ಗೆ ನಾಯಕನಿಗೆ ತಕರಾರು ಇದೆ ಅಂತ ತಿಳಿದುಬಂತು ಎಂದು ಅವರೇ ಬರೆದರು. ಯಾರದು ಸರಿ ಅಂತ ಈಗ ಕೆದಕಿ ಏನೂ ಸಿಗಲ್ಲ. ಆದರೆ ಹನ್ನೆರಡು ಗೆದ್ದರೂ ಆ ಕುರ್ಚಿ ಉಳಿಯಲ್ಲ ಅಂತ ಆ ವರ್ಷ ಗೊತ್ತಾಯಿತು.

ಅದೇ ಹೊತ್ತಿಗೆ ದ್ರಾವಿಡ್ ಬೇರೆ ಕಡೆ ಕೆಲಸ ಮಾಡುತ್ತಿದ್ದರು. ನನ್ನ ಪ್ರಕಾರ ಅವರ ನಿಜವಾದ ಕೋಚಿಂಗ್ ಇದೇ. 2015ರಲ್ಲಿ ಭಾರತ 'ಎ' (ಹಿರಿಯರ ತಂಡಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ಮತ್ತು ಅಂಡರ್-19 ತಂಡಗಳ ಹೊಣೆ ಹೊತ್ತುಕೊಂಡರು. ಅಲ್ಲಿ ಟಿವಿ ಕ್ಯಾಮೆರಾ ಕಡಿಮೆ, ಜಾಹೀರಾತಂತೂ ಕೇಳಲೇಬೇಡಿ. 'ಎ' ತಂಡದ ಪ್ರವಾಸಕ್ಕೆ ಹೋದವರೆಲ್ಲರಿಗೂ ಆಡುವ ಅವಕಾಶ ಸಿಗಲೇಬೇಕು ಅನ್ನುವುದು ಅವರ ಹಟ. ಚಿಕ್ಕವರಿದ್ದಾಗ ಪ್ರವಾಸಕ್ಕೆ ಹೋಗಿ, ಒಂದೂ ಪಂದ್ಯ ಆಡದೆ ವಾಪಸ್ ಬರುವ ಸಂಕಟ ಏನು ಅಂತ ಅವರಿಗೇ ಗೊತ್ತಿತ್ತು. ಒಬ್ಬ ಹುಡುಗ ಒಂದೇ ಅಂಡರ್-19 ವಿಶ್ವಕಪ್ ಆಡಲಿ ಎಂಬ ನಿಯಮ ಬಂದದ್ದೂ ಅವರ ಕಾಲದಲ್ಲೇ. ಬಲವಾದ ಆಟಗಾರನನ್ನು ಬಿಟ್ಟು ಹೊಸಬನನ್ನು ಕರೆದುಕೊಂಡು ಹೋಗುವುದು ಅಂದರೆ ಕಪ್ ಕೈತಪ್ಪಿದರೂ ಸರಿ ಅಂತ ಒಪ್ಪಿಕೊಂಡ ಹಾಗೆ, ಅಲ್ವಾ?

2016ರಲ್ಲಿ ಕೈತಪ್ಪಿಯೂ ಹೋಯಿತು. ಮೀರ್‌ಪುರದ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ಗೆದ್ದಿತು. 2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಹುಡುಗರು ಕಪ್ ತಂದರು. ಕೋಚ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಅಂತ ಬಹುಮಾನ ಪ್ರಕಟವಾಯಿತು. ನನಗೆ ಮಾತ್ರ ಯಾಕೆ ಜಾಸ್ತಿ ಅಂತ ದ್ರಾವಿಡ್ ಕೇಳಿದರು. ಕೊನೆಗೆ ಕೋಚ್‌ಗೂ ಸಿಬ್ಬಂದಿಗೂ ತಲಾ 25 ಲಕ್ಷ ಆಯಿತು. ಅಂದರೆ ಅವರದು ಅರ್ಧಕ್ಕೆ ಇಳಿಯಿತು. ಗೆರೆಯ ಹೊರಗೆ ನಿಂತವರ ಪಾಲು ಎಷ್ಟು ಅನ್ನುವ ಪ್ರಶ್ನೆಗೆ ಅವರೇ ಒಂದು ಲೆಕ್ಕ ಹಾಕಿ ಕೊಟ್ಟಿದ್ದರು. ನಾವು ಅದನ್ನು ದೊಡ್ಡತನ ಅಂತ ಹೊಗಳಿ ಸುಮ್ನಾದೆವು.

2019ರಲ್ಲಿ ಬೆಂಗಳೂರಿನ ಕ್ರಿಕೆಟ್ ಅಕಾಡೆಮಿ ಮುಖ್ಯಸ್ಥರಾದರು. 2021ರ ನವೆಂಬರ್‌ನಲ್ಲಿ ಹಿರಿಯರ ತಂಡಕ್ಕೆ ಕೋಚ್. ಅಲ್ಲಿಂದ ಒಂದರ ಹಿಂದೆ ಒಂದು ಪೆಟ್ಟು. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ಹತ್ತು ವಿಕೆಟ್ ಸೋಲು. 2023ರ ಜೂನ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಹೋಯಿತು. ಏಕದಿನ ವಿಶ್ವಕಪ್‌ನಲ್ಲಿ ಸತತ ಹತ್ತು ಪಂದ್ಯ ಗೆದ್ದು, ನವೆಂಬರ್‌ನಲ್ಲಿ ಹನ್ನೊಂದನೆಯದು, ಅಂದರೆ ಆ ಅಹಮದಾಬಾದ್ ಫೈನಲ್, ಸೋತರು. ಒಪ್ಪಂದವೂ ಮುಗಿದಿತ್ತು. ಇನ್ನೂ ಸ್ವಲ್ಪ ದಿನ ಇರಿ ಅಂತ ನಾಯಕ ರೋಹಿತ್ ಫೋನ್ ಮಾಡಿರದಿದ್ದರೆ ಬಾರ್ಬಡೋಸ್‌ನಲ್ಲಿ ಆ ಕೂಗು ಕೇಳುತ್ತಲೇ ಇರಲಿಲ್ಲ.

ಬಾರ್ಬಡೋಸ್ ಫೈನಲ್ ಆಡಿದ ಹನ್ನೊಂದು ಜನರಲ್ಲಿ ಪಂತ್ 2016ರ ಅಂಡರ್-19 ತಂಡದ ಹುಡುಗ, ಅರ್ಷದೀಪ್ 2018ರ ಹುಡುಗ. ಇದನ್ನು ದೊಡ್ಡಪ್ಪನಿಗೆ ಆ ರಾತ್ರಿಯೇ ಹೇಳಿದೆ. ಅವರು ಟಾರ್ಚ್ ಹುಡುಕುತ್ತಾ, "ಕೊನೆ ಓವರ್‌ನಲ್ಲಿ ಮಿಲ್ಲರ್‌ನ ಕ್ಯಾಚ್ ಹಿಡಿದದ್ದು ಸೂರ್ಯಕುಮಾರ್ ಅಲ್ವಾ, ಕೋಚ್ ಏನಲ್ಲವಲ್ಲ" ಅಂದರು.