ಬೊಡ್ಡೆ ಇಲ್ಲಿ, ಒಡೆದ ಪೈಪು ಅಲ್ಲಿ

ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಬೆಂಗಳೂರಿನ ಬೀದಿಗಳಲ್ಲಿ ಗುಲ್‌ಮೊಹರ್, ಮಳೆಮರಗಳು ಉರುಳುವುದು ಪ್ರತಿವರ್ಷದ ಕಥೆ. ಕೊಂಬೆ, ಕಾಂಡ ಬೇಗ ಸಾಗುತ್ತವೆ. ಬೊಡ್ಡೆ ಮಾತ್ರ ಫುಟ್‌ಪಾತಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಕೊನೆಗೊಂದು ದಿನ ಜೆಸಿಬಿ ಬಂದು ಬಕೆಟ್ಟಿನ ಹಲ್ಲನ್ನು ಬೊಡ್ಡೆಯ ಅಡಿಗೆ ಸಿಕ್ಕಿಸಿ ಮೀಟುತ್ತದೆ. ಗುಂಡಿಯಲ್ಲಿ ಪೈಪೇನೂ ಕಾಣುವುದಿಲ್ಲ, ಎಲ್ಲರಿಗೂ ನಿರಾಳ. ಸ್ವಲ್ಪ ಹೊತ್ತಿಗೆ ನಾಲ್ಕೈದು ಮೀಟರ್ ಆಚೆ, ಯಾವುದೋ ಮನೆಯ ಕಾಂಪೌಂಡಿನ ಬುಡದಲ್ಲಿ ಗ್ಯಾಸಿನ ವಾಸನೆ.

ಬಕೆಟ್ಟು ಪೈಪನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟಿದ್ದು ಬೇರು. ಮರದ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಎರಡು ಮೂರು ಅಡಿಯೊಳಗೇ ಇದ್ದು, ಕೊಂಬೆಗಳ ಹರವನ್ನೂ ದಾಟಿ ಅಡ್ಡಡ್ಡ ಹರಡುತ್ತವೆ. ಮನೆಗೆ ಹೋಗುವ ನೀರಿನ ಸಣ್ಣ ಪೈಪುಗಳಿರುವುದೂ ಇದೇ ಪದರದಲ್ಲಿ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಸಡಿಲ, ಗಾಳಿ ಆಡುತ್ತದೆ. ಜಾಯಿಂಟು ಜಿನುಗುತ್ತಿದ್ದರೆ ತೇವವೂ ಸಿಗುತ್ತದೆ. ಬೇರು ಅಲ್ಲಿ ಸೊಂಪಾಗಿ ಬೆಳೆದು ಕೆಲವು ವರ್ಷದಲ್ಲಿ ಪೈಪನ್ನು ತಬ್ಬಿಕೊಳ್ಳುತ್ತದೆ. ಬೊಡ್ಡೆ ಎತ್ತಿದಾಗ ಅದರ ಜೊತೆ ಪೈಪೂ ಎಳೆಸಿಕೊಳ್ಳುತ್ತದೆ. ಗ್ಯಾಸಿನ ಪಾಲಿಥಿಲೀನ್ ಪೈಪು ತಟ್ಟನೆ ತುಂಡಾಗದೆ ಹಿಗ್ಗುತ್ತದೆ. ಎಳೆತ ಅದರುದ್ದಕ್ಕೂ ಸಾಗಿ ಅತಿ ದುರ್ಬಲವಾದ ಕಡೆ, ಅಂದರೆ ಜಾಯಿಂಟಿನಲ್ಲೋ ಪ್ಲಾಸ್ಟಿಕ್ಕು ಕಬ್ಬಿಣಕ್ಕೆ ಸೇರುವ ಫಿಟ್ಟಿಂಗಿನಲ್ಲೋ ಬಿಡುತ್ತದೆ. ಆ ಫಿಟ್ಟಿಂಗು ಸಾಮಾನ್ಯವಾಗಿ ಮನೆಯ ಗೋಡೆಯ ಹತ್ತಿರವೇ ಇರುತ್ತದೆ.

ಆದ್ದರಿಂದ ಬೊಡ್ಡೆ ಕೆಲಸದ ಮೊದಲ ನಿಯಮ: ಬೇರು ಕತ್ತರಿಸುವ ಮುಂಚೆ ಮೀಟಬಾರದು, ಸರಪಳಿ ಹಾಕಿ ಎಳೆಯಲೂಬಾರದು.

ಅದಕ್ಕೂ ಮೊದಲು ಸುತ್ತ ಕಣ್ಣಾಡಿಸಿ. ಮನೆಯ ನೀರಿನ ಮೀಟರಿನಿಂದ, ಗೋಡೆಯ ಮೇಲೆ ಹತ್ತುವ ಗ್ಯಾಸ್ ಪೈಪಿನಿಂದ ರಸ್ತೆಯತ್ತ ನೇರ ಗೆರೆ ಎಳೆದುಕೊಂಡರೆ ಅರ್ಧ ನಕ್ಷೆ ಸಿಕ್ಕಂತೆ. ವಾಲ್ವ್ ಮುಚ್ಚಳ, ರಸ್ತೆಯಲ್ಲಿ ಬೇರೆ ಬಣ್ಣಕ್ಕೆ ತಿರುಗಿದ ಟಾರಿನ ಪಟ್ಟಿ ಉಳಿದದ್ದನ್ನು ಹೇಳುತ್ತವೆ. ಅಗೆಯುವವರು ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಜಲಮಂಡಳಿ, ಬೆಸ್ಕಾಂ, ಗ್ಯಾಸ್ ಕಂಪನಿಗಳನ್ನು ನೇರವಾಗಿಯೂ ಕೇಳಿ. ಆದರೆ ನಕ್ಷೆಯಲ್ಲಿರುವ ಗೆರೆಗೂ ನೆಲದೊಳಗಿನ ಪೈಪಿಗೂ ಒಂದು ಮೀಟರ್ ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ.

ಆಳದ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಭಾರತೀಯ ಮಾನಕದ ಪ್ರಕಾರ ಮನೆಬಳಕೆಯ ವೋಲ್ಟೇಜಿನ ಕೇಬಲ್ 75 ಸೆಂ.ಮೀ., 11 ಕೆವಿ ಕೇಬಲ್ 90 ಸೆಂ.ಮೀ. ಆಳದಲ್ಲಿರಬೇಕು. ರಸ್ತೆ ಕೆರೆದು ಹೊಸದಾಗಿ ಹಾಕಿದಾಗ ಮೇಲಿನ ಮಣ್ಣು ಹೋಗುತ್ತದೆ, ಪೈಪು ಹಾಕುವಾಗ ಬಂಡೆ ಸಿಕ್ಕಿದ್ದರೆ ಆಳವೇ ಕಡಿಮೆಯಾಗಿರುತ್ತದೆ. ಇನ್ನೊಂದು ಮೋಸವಿದೆ. ಕಾಲುವೆ ತೋಡಿ ಹಾಕಿದ ಗ್ಯಾಸ್ ಪೈಪಿನ ಮೇಲೆ ಹಳದಿ ಎಚ್ಚರಿಕೆ ಟೇಪು ಹಾಸಿರುತ್ತಾರೆ. ರಸ್ತೆ ಅಗೆಯದೆ ಅಡ್ಡ ಕೊರೆದು ತೂರಿಸಿದ ಪೈಪಿಗೆ ಟೇಪು ಹಾಸಲು ಸಾಧ್ಯವೇ ಇಲ್ಲ. ಟೇಪು ಸಿಗಲಿಲ್ಲ ಎಂದರೆ ಪೈಪಿಲ್ಲ ಎಂದಲ್ಲ. ಲೋಹ ಹುಡುಕುವ ಯಂತ್ರವೂ ಬರೀ ಪ್ಲಾಸ್ಟಿಕ್ ಪೈಪನ್ನು ಹಿಡಿಯದು. ಪೈಪಿನ ಜೊತೆ ತಂತಿ ಹಾಕಿದ್ದರಷ್ಟೇ ಅದಕ್ಕೆ ಸುಳಿವು.

ಇನ್ನು ಕೈಕೆಲಸ. ಬೊಡ್ಡೆಯ ಸುತ್ತ ಒಂದೂವರೆ ಅಡಿ ಅಗಲದ ಗುಂಡಿಯನ್ನು ಬಳೆಯ ಹಾಗೆ ತೋಡಿ. ಪಿಕಾಸಿ, ಹಾರೆ ಬೇಡ, ಸಲಿಕೆ ಸಾಕು. ಮಣ್ಣು ಮೆತ್ತಿದ ಹಳೆಯ ಕಬ್ಬಿಣದ ಪೈಪು, ಕಪ್ಪು ಕೇಬಲ್ಲು, ಬೇರು ಮೂರೂ ಗುಂಡಿಯೊಳಗೆ ಒಂದೇ ಥರ ಕಾಣುತ್ತವೆ. ಒಂದೊಂದಕ್ಕೂ ನೀರು ಹುಯ್ದು ತೊಳೆಯಿರಿ. ಬೇರು ಮುಂದೆ ಹೋದಂತೆ ಸಪೂರವಾಗುತ್ತದೆ, ಕವಲೊಡೆಯುತ್ತದೆ. ಪೈಪು, ಕೇಬಲ್ಲು ಉದ್ದಕ್ಕೂ ಒಂದೇ ದಪ್ಪ. ಬೇರೆಂದು ಖಚಿತವಾದ ಮೇಲಷ್ಟೇ ಕೈಗರಗಸ ಹಿಡಿಯಿರಿ. ಪೈಪನ್ನು ತಬ್ಬಿದ ತುಂಡನ್ನು ಎರಡೂ ಕಡೆ ಕತ್ತರಿಸಿ ಅಲ್ಲೇ ಬಿಟ್ಟುಬಿಡಿ, ಅದು ತಾನಾಗಿ ಕೊಳೆಯುತ್ತದೆ. ಬೊಡ್ಡೆಯೇ ಪೈಪಿನ ಮೇಲೆ ಕೂತಿದ್ದರೆ ತೆಗೆಯುವ ಹಟ ಬೇಡ, ನೆಲಮಟ್ಟಕ್ಕೆ ಕೊಯ್ದು ಬಿಡುವುದೇ ಸರಿ. ಬೆಂಕಿ ಹಾಕಿ ಸುಡುವುದಂತೂ ಬೇಡವೇ ಬೇಡ: ಬೇರಿನೊಳಗೆ ಕೆಂಡ ದಿನಗಟ್ಟಲೆ ಉಳಿಯುತ್ತದೆ.

ಪೈಪು ತೂತಾಗದೆ ಬರೀ ಗೀರಿದರೂ ಸುಮ್ಮನಿರುವಂತಿಲ್ಲ. 63 ಮಿ.ಮೀ. ಗ್ಯಾಸ್ ಪೈಪಿನ ಗೋಡೆಯ ದಪ್ಪ ಸುಮಾರು 5.8 ಮಿ.ಮೀ. ಅದರ ಹತ್ತನೇ ಒಂದು ಭಾಗಕ್ಕಿಂತ ಆಳದ ಗೀರು ಬಿದ್ದರೆ ಆ ತುಂಡನ್ನೇ ಬದಲಿಸುವುದು ರೂಢಿಯ ನಿಯಮ. ಅಂದರೆ ಉಗುರಿನ ದಪ್ಪಕ್ಕಿಂತ ತುಸು ಹೆಚ್ಚು, ಅಷ್ಟೇ. ಕಂಪನಿಯವರಿಗೆ ತೋರಿಸದೆ ಮುಚ್ಚಬೇಡಿ.

ಗ್ಯಾಸು ಸೋರಿದರೆ ಯಂತ್ರ, ಸ್ವಿಚ್ಚು, ಫೋನು ಮುಟ್ಟದೆ ಎಲ್ಲರನ್ನೂ ದೂರ ಕಳಿಸಿ, ದೂರ ಹೋದ ಮೇಲೆ ಕರೆ ಮಾಡಿ. ಪೈಪಿನ ಗ್ಯಾಸು ಬಹುಪಾಲು ಮೀಥೇನ್. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟಿದ್ದಾಗ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸಿನಂತೆ ತಗ್ಗಿಗೆ ಇಳಿಯದೆ ಮೇಲೇರುತ್ತದೆ. ಮೇಲೆ ಟಾರು ಮುಚ್ಚಿದ್ದರೆ ಮಾತ್ರ ಮಣ್ಣಿನೊಳಗೇ ಸಾಗಿ ಚರಂಡಿಗೋ ಮನೆಯ ತಳಕ್ಕೋ ನುಗ್ಗಬಹುದು. ಮಣ್ಣು ವಾಸನೆಯ ದ್ರವ್ಯವನ್ನು ಹೀರಿಕೊಳ್ಳುವುದರಿಂದ ವಾಸನೆ ಇಲ್ಲವೆಂದು ನಂಬಿ ಕೂರುವಂತಿಲ್ಲ. ತುದಿ ಮಡಚುವ, ಬಟ್ಟೆ ತುರುಕುವ ಸಾಹಸ ಬೇಡ: ರಭಸದಿಂದ ಹರಿಯುವ ಗ್ಯಾಸು ಪ್ಲಾಸ್ಟಿಕ್ಕಿನ ಮೇಲೆ ಸ್ಥಿರವಿದ್ಯುತ್ ಹುಟ್ಟಿಸುತ್ತದೆ, ಒಂದು ಕಿಡಿ ಸಾಕು. ಕೇಬಲ್ಲಿಗೆ ತಗುಲಿದರೆ ಚಾಲಕ ಕ್ಯಾಬಿನ್ನಿನಲ್ಲೇ ಕೂರಬೇಕು. ಯಂತ್ರಕ್ಕೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ ಜೋಡಿಗಾಲಲ್ಲಿ ಹಾರಿ, ಜೋಡಿಗಾಲಲ್ಲೇ ಕುಪ್ಪಳಿಸುತ್ತ ದೂರ ಹೋಗಬೇಕು.

ನೀರಿನ ಪೈಪಿನದು ಇನ್ನೊಂದು ಬಗೆ. ದಿನಬಿಟ್ಟು ದಿನ ನೀರು ಬಿಡುವ ಬೀದಿಯಲ್ಲಿ, ಕೆಲಸದ ದಿನ ಪೈಪು ಖಾಲಿಯಿದ್ದರೆ ಜಾಯಿಂಟು ಸಡಿಲವಾದದ್ದು ಗೊತ್ತೇ ಆಗದು. ಸಂಜೆ ಗುಂಡಿ ಮುಚ್ಚಿ, ಮೇಲೆ ಕಲ್ಲು ಹಾಸಿ ಹೋದ ಮೇಲೆ ನೀರು ಬರುತ್ತದೆ, ನೆಲದೊಳಗೇ ಪೋಲಾಗುತ್ತದೆ. ನೀರು ನಿಂತಾಗ ಖಾಲಿಯಾಗುವ ಪೈಪು ಅದೇ ಸಂದಿನಿಂದ ಸುತ್ತಲಿನ ಕೊಳೆನೀರನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೆ, ಸುತ್ತ ತಡೆ ಕಟ್ಟಿ ಗುಂಡಿಯನ್ನು ತೆರೆದೇ ಬಿಡಿ. ನೀರು ಒಮ್ಮೆ ಪೂರಾ ಒತ್ತಡದಲ್ಲಿ ಬಂದು ಹೋಗುವವರೆಗೂ ಮಣ್ಣು ತುಂಬಬೇಡಿ.